ರೊಟ್ಟಿ ತಿನ್ನಬಹುದು, ಚಪಾತಿ ಬೇಡ

ಕೊಂಡಜ್ಜಿ, ಹರಿಹರ, ದಾವಣಗೆರೆ ಸೀಮೆಯಲ್ಲಿ ಗೋಧಿ ಎಂದೂ ಮುಖ್ಯ ಧಾನ್ಯವಾಗಿರಲಿಲ್ಲ. ಭದ್ರಾ ನಾಲೆಯ ನೀರು ಹರಿದ ಕಡೆ ಭತ್ತ, ಹರಿಯದ ಕಡೆ ಈಗ ಮೆಕ್ಕೆಜೋಳ. ಅದಕ್ಕೂ ಹಿಂದೆ ಜೋಳ, ರಾಗಿ, ನವಣೆ, ಸಾವೆ. ದಾವಣಗೆರೆ ಎಂದೊಡನೆ ನೆನಪಾಗುವ ಮೂರು ತಿಂಡಿಗಳಲ್ಲೂ ಗೋಧಿಗೆ ಜಾಗವಿಲ್ಲ. ಮಂಡಕ್ಕಿ ಭತ್ತದ್ದು, ಮಿರ್ಚಿ ಕಡಲೆಹಿಟ್ಟಿನದು, ಬೆಣ್ಣೆ ದೋಸೆಯದು ಅಕ್ಕಿ, ಉದ್ದು, ಮಂಡಕ್ಕಿ ರುಬ್ಬಿದ ಹಿಟ್ಟು. 1928ರಲ್ಲಿ ಈ ಊರಿಗೆ ಬಂದ ಚೆನ್ನಮ್ಮ ಎಂಬವರು ಮೊದಲು ರಾಗಿ ದೋಸೆಗೆ ಬೆಣ್ಣೆ ಹಾಕಿ ಕೊಡುತ್ತಿದ್ದರು, ಅಕ್ಕಿ ಹಿಟ್ಟು ಆಮೇಲೆ ಬಂತು ಎಂದು ಊರಿನವರು ಹೇಳುತ್ತಾರೆ. ಆಗಲೂ ಗೋಧಿ ಇರಲಿಲ್ಲ, ಈಗಲೂ ಇಲ್ಲ.

ಇಂಥ ಊರಿನಲ್ಲಿ ಯಾರಿಗಾದರೂ ಡಾಕ್ಟರು ‘ನಿಮಗೆ ಸೀಲಿಯಾಕ್ ಕಾಯಿಲೆ, ಇನ್ನು ಜೀವನಪೂರ್ತಿ ಗೋಧಿ ಮುಟ್ಟಬೇಡಿ’ ಎಂದರೆ ಅರ್ಧ ಊಟ ಆಗಲೇ ಸರಿಯಾದಂತೆ. ಕಷ್ಟ ಇರುವುದು ಉಳಿದರ್ಧದಲ್ಲಿ. ಔಷಧಿಯೇ ಇಲ್ಲದೆ ಬರೀ ಪಥ್ಯದಿಂದ ಹತೋಟಿಗೆ ಬರುವ ದೊಡ್ಡ ಕಾಯಿಲೆಗಳು ಬೆರಳೆಣಿಕೆಯಷ್ಟು. ಅವುಗಳಲ್ಲಿ ಒಂದಾದ ಇದರ ಪಥ್ಯವನ್ನು ಹುಡುಕಲು ವೈದ್ಯರಿಗೆ ಅರವತ್ತು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು. ದಾರಿಯಲ್ಲಿ ಅವರು ಅನ್ನವನ್ನು ದೂರಿದರು, ಬಾಳೆಹಣ್ಣನ್ನು ಹೊಗಳಿದರು.

ಲಂಡನ್ನಿನ ಮಕ್ಕಳ ವೈದ್ಯ ಸ್ಯಾಮ್ಯುಯೆಲ್ ಗೀ 1887ರ ಅಕ್ಟೋಬರಿನಲ್ಲಿ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಆಸ್ಪತ್ರೆಯಲ್ಲಿ ಒಂದು ಉಪನ್ಯಾಸ ಕೊಟ್ಟ. ಹೊಟ್ಟೆ ಉಬ್ಬಿದ, ಕೈಕಾಲು ಸೊರಗಿದ, ಬಿಳಿಚಿದ ನೊರೆ ಭೇದಿಯಾಗುವ ಮಕ್ಕಳ ವರ್ಣನೆ ಅದು. ಮರುವರ್ಷ ಅಚ್ಚಾದ ಆ ಉಪನ್ಯಾಸವನ್ನೇ ಈ ಕಾಯಿಲೆಯ ಆಧುನಿಕ ಕಥೆಯ ಮೊದಲ ಪುಟ ಎನ್ನುತ್ತಾರೆ. ಗುಣವಾಗುವುದೇ ಆದರೆ ಅದು ಆಹಾರದಿಂದಲೇ ಎಂದು ಗೀ ಸರಿಯಾಗಿಯೇ ಊಹಿಸಿದ್ದ. ಆದರೆ ಅವನ ಪಟ್ಟಿ ನೋಡಿದರೆ ದಾವಣಗೆರೆಯವರಿಗೆ ನಗು ಬಂದೀತು: ಅಕ್ಕಿ, ಸಾಬುದಾಣಿ ಕೂಡದು, ತೆಳ್ಳಗೆ ಕೊಯ್ದು ಎರಡೂ ಕಡೆ ಚೆನ್ನಾಗಿ ಸುಟ್ಟ ಬ್ರೆಡ್ ಆಗಬಹುದು. ಬೇಕಾದದ್ದನ್ನು ತೆಗೆದು, ಬೇಡವಾದದ್ದನ್ನು ಇಟ್ಟಿದ್ದ. ಅವನೇ ಬರೆದ ಇನ್ನೊಂದು ಪ್ರಸಂಗದಲ್ಲಿ ಒಂದು ಮಗುವಿಗೆ ದಿನವೂ ಹಾಲೆಂಡಿನ ಚಿಪ್ಪುಮೀನು ತಿನ್ನಿಸುತ್ತಾರೆ. ಮಗು ಚೆನ್ನಾಗಿ ಮೈದುಂಬಿಕೊಳ್ಳುತ್ತದೆ. ಚಿಪ್ಪುಮೀನಿನ ಕಾಲ ಮುಗಿಯುತ್ತದೆ, ಕಾಯಿಲೆ ಮರಳುತ್ತದೆ. ಮರುವರ್ಷ ಮತ್ತೆ ತಂದರೆ ಮಗು ಬಾಯಿಯನ್ನೇ ತೆರೆಯುವುದಿಲ್ಲ. ಪಥ್ಯ ಹಿಡಿಸುವುದು ಎಷ್ಟು ಕಷ್ಟ ಎಂಬುದು ಅಲ್ಲಿಂದಲೇ ಶುರು.

ಮುಂದಿನ ಸರದಿ ನ್ಯೂಯಾರ್ಕಿನ ಸಿಡ್ನಿ ಹಾಸ್‌ನದು. 1924ರಲ್ಲಿ ಅವನು ಪ್ರಕಟಿಸಿದ ಬರಹದಲ್ಲಿ ಹತ್ತು ಮಕ್ಕಳ ಕಥೆ ಇದೆ. ಬಾಳೆಹಣ್ಣಿನ ಪಥ್ಯ ಕೊಟ್ಟ ಎಂಟು ಮಕ್ಕಳು ಚೇತರಿಸಿಕೊಂಡವು, ಕೊಡದ ಎರಡು ತೀರಿಕೊಂಡವು. ಬ್ರೆಡ್ಡು, ಬಿಸ್ಕತ್ತು, ಆಲೂಗಡ್ಡೆ, ಏಕದಳ ಧಾನ್ಯ ಎಲ್ಲ ನಿಷಿದ್ಧ. ಬಾಳೆಹಣ್ಣು ಮಾತ್ರ ಯಥೇಚ್ಛ. ಪೋರ್ಟೊ ರಿಕೊದಲ್ಲಿ ಬ್ರೆಡ್ ಜಾಸ್ತಿ ತಿನ್ನುವ ಪೇಟೆಯವರಿಗೆ ಇಂಥ ಭೇದಿ ಬರುತ್ತದೆ, ಬಾಳೆಹಣ್ಣೇ ಊಟವಾದ ರೈತರಿಗೆ ಬರುವುದಿಲ್ಲ ಎಂಬುದನ್ನೂ ಅವನು ಗಮನಿಸಿದ್ದ. ಉತ್ತರ ಆ ವಾಕ್ಯದಲ್ಲೇ ಇತ್ತು. ಆದರೆ ಹಾಸ್ ತಟ್ಟೆಯಲ್ಲಿ ಇದ್ದ ಬಾಳೆಹಣ್ಣನ್ನು ನೋಡಿದ, ಇಲ್ಲದ ಬ್ರೆಡ್ಡನ್ನು ನೋಡಲಿಲ್ಲ. ಮಕ್ಕಳು ಗುಣವಾದರೆಂದು ಮತ್ತೆ ಎಲ್ಲ ತಿನ್ನಲು ಬಿಟ್ಟರು. ಒಳಗಿನ ಹಾನಿ ಮುಂದುವರಿಯಿತು. ಹಾಗೆಂದು ಅವನನ್ನು ಹೀಗಳೆಯುವಂತಿಲ್ಲ. ಅಷ್ಟು ಮಕ್ಕಳ ಜೀವ ಉಳಿಸಿದ ತಪ್ಪು ವಿವರಣೆ ವೈದ್ಯಕೀಯದ ಚರಿತ್ರೆಯಲ್ಲಿ ಹೆಚ್ಚಿಲ್ಲ.

ಇಲ್ಲದ್ದನ್ನು ನೋಡಿದವನು ಹಾಲೆಂಡಿನ ವಿಲ್ಲೆಮ್ ಡಿಕ್ಕೆ. ಹೇಗ್ ನಗರದ ಜೂಲಿಯಾನಾ ಮಕ್ಕಳ ಆಸ್ಪತ್ರೆಯ ವೈದ್ಯ. 1930ರ ದಶಕದಲ್ಲಿ ತಾಯಿಯೊಬ್ಬಳು ತನ್ನ ಮಗುವಿಗೆ ಬ್ರೆಡ್ ನಿಲ್ಲಿಸಿದರೆ ಮೈಮೇಲಿನ ಗಂಧೆ ಬೇಗ ಇಳಿಯುತ್ತದೆ ಎಂದು ಅವನಿಗೆ ಹೇಳಿದಳಂತೆ. ಡಿಕ್ಕೆ ಅದನ್ನು ತಳ್ಳಿಹಾಕಲಿಲ್ಲ. ಗೋಧಿಯಿಲ್ಲದ ಊಟ ಕೊಟ್ಟು ನೋಡಲು ಶುರುಮಾಡಿದ, 1941ರಲ್ಲಿ ಡಚ್ ಪತ್ರಿಕೆಯಲ್ಲಿ ಅದರ ಬಗ್ಗೆ ಬರೆದ.

ಆಮೇಲೆ ಬಂದದ್ದು 1944–45ರ ಚಳಿಗಾಲ. ಜರ್ಮನರ ಹಿಡಿತದಲ್ಲಿದ್ದ ಪಶ್ಚಿಮ ಹಾಲೆಂಡಿಗೆ ಆಹಾರ ಬರುವುದು ನಿಂತಿತು. ಜನ ಸಕ್ಕರೆ ಬೀಟ್‌ಗೆಡ್ಡೆ ತಿಂದರು, ಟ್ಯುಲಿಪ್ ಹೂವಿನ ಗೆಡ್ಡೆ ಬೇಯಿಸಿ ತಿಂದರು. ಸುಮಾರು ಇಪ್ಪತ್ತು ಸಾವಿರ ಮಂದಿ ಸತ್ತರು. ಇಡೀ ನಾಡು ಹಸಿವಿನಿಂದ ಒಣಗುತ್ತಿದ್ದಾಗ ಸೀಲಿಯಾಕ್ ಮಕ್ಕಳು ಮಾತ್ರ ಸುಧಾರಿಸಿದವು. 1945ರ ವಸಂತದಲ್ಲಿ ಬ್ರೆಡ್ ಮರಳಿ ಬಂದಾಗ ಮತ್ತೆ ಮಲಗಿದವು. ಈ ಪಥ್ಯ ಬರಗಾಲದಲ್ಲೇ ಹುಟ್ಟಿತು ಎಂದು ಕಥೆ ಹೇಳುವವರಿದ್ದಾರೆ. ಕೇಳಲು ಚೆಂದ, ಆದರೆ ಅನುಮಾನ ಯುದ್ಧಕ್ಕೂ ಮೊದಲಿನದು. ಬರಗಾಲ ಅದಕ್ಕೆ ಸಾಕ್ಷಿ ಹೇಳಿತು, ಅಷ್ಟೆ. ಗಟ್ಟಿ ಪುರಾವೆಗೆ ಡಿಕ್ಕೆ ಹಿಡಿದ ದಾರಿ ನಾಜೂಕಿನದಲ್ಲ. ಕೆಲವೇ ಮಕ್ಕಳಿಗೆ ತಿಂಗಳುಗಟ್ಟಲೆ ಗೋಧಿ ಕೊಟ್ಟು, ನಿಲ್ಲಿಸಿ, ಮತ್ತೆ ಕೊಟ್ಟು, ಮಲದಲ್ಲಿ ಎಷ್ಟು ಕೊಬ್ಬು ಅರಗದೆ ಹೋಯಿತೆಂದು ಅಳೆಯುವುದು. ಆ ಅಳತೆಯ ವಿಧಾನ ರೂಪಿಸಿದವನು ಅವನ ಜೊತೆಗಾರ ವಾನ್ ಡೆ ಕಾಮರ್. 1950ರಲ್ಲಿ ಉಟ್ರೆಕ್ಟ್ ವಿಶ್ವವಿದ್ಯಾಲಯಕ್ಕೆ ಡಿಕ್ಕೆ ಸಲ್ಲಿಸಿದ ಪ್ರಬಂಧದಲ್ಲಿ ತೀರ್ಪು ಇತ್ತು: ಕೆಡುಕು ಗೋಧಿಯಲ್ಲಿದೆ. 1952ರಲ್ಲಿ ಬರ್ಮಿಂಗ್‌ಹ್ಯಾಮಿನ ಚಾರ್ಲೊಟ್ ಆ್ಯಂಡರ್ಸನ್ ಮತ್ತು ಸಂಗಡಿಗರು ಗೋಧಿಹಿಟ್ಟಿನ ಪಿಷ್ಟ ಬೇರೆ, ಅಂಟು ಬೇರೆ ಮಾಡಿ ಪರೀಕ್ಷಿಸಿ, ಪಿಷ್ಟ ನಿರಪರಾಧಿ, ಗ್ಲುಟೆನ್ ಎಂಬ ಅಂಟೇ ಅಪರಾಧಿ ಎಂದು ತೋರಿಸಿದರು.

ಗ್ಲುಟೆನ್ ಇರುವ ಹಿಟ್ಟಿಗೂ ಇಲ್ಲದ ಹಿಟ್ಟಿಗೂ ಇರುವ ವ್ಯತ್ಯಾಸ ದಾವಣಗೆರೆ ಕಡೆಯ ಹೆಣ್ಣುಮಕ್ಕಳ ಅಂಗೈಗೆ ಗೊತ್ತು. ಗೋಧಿಹಿಟ್ಟಿಗೆ ತಣ್ಣೀರು ಸಾಕು. ನಾದಿದಷ್ಟೂ ಎಳೆಎಳೆಯಾಗಿ ಹಿಗ್ಗುತ್ತದೆ, ಲಟ್ಟಣಿಗೆಗೆ ಒಗ್ಗುತ್ತದೆ. ಜೋಳದ ಹಿಟ್ಟು ಹಾಗಲ್ಲ. ಎಸರಿಟ್ಟು, ಕುದಿಯುವ ನೀರನ್ನು ಹಿಟ್ಟಿಗೆ ಸುರಿದು, ಬಿಸಿ ಇರುವಾಗಲೇ ಅಂಗೈಯ ಬುಡದಿಂದ ತಿಕ್ಕಿ ನಾದಬೇಕು. ಬಿಸಿಗೆ ಪಿಷ್ಟ ಬೆಂದು ಹಿಟ್ಟು ಹಿಡಿದುಕೊಳ್ಳುತ್ತದೆ. ಹಳೇ ಹಿಟ್ಟಾದರೆ ಜಿಗಿ ಹೋಗಿ ರೊಟ್ಟಿ ಹರಿಯುತ್ತದೆ. ಅದನ್ನು ತಟ್ಟಿಯೇ ಹಿಗ್ಗಿಸಬೇಕು, ಎಳೆದರೆ ಬಾರದು.

ಒಳಗೆ ನಡೆಯುವುದೇನು? ಸಣ್ಣ ಕರುಳಿನ ಒಳಮೈ ಟರ್ಕಿ ಟವೆಲ್ಲಿನ ಹಾಗೆ ಸಣ್ಣ ಸಣ್ಣ ಕುಚ್ಚುಗಳಿಂದ ತುಂಬಿರುತ್ತದೆ. ಆಹಾರದ ಸಾರ ಹೀರುವುದು ಅವೇ. ಗ್ಲುಟೆನ್ ಪೂರ್ತಿ ಜೀರ್ಣವಾಗುವುದಿಲ್ಲ. ಡಿಕ್ಯು2 ಅಥವಾ ಡಿಕ್ಯು8 ಎಂಬ ಹುಟ್ಟುಗುಣ ಇರುವ ಕೆಲವರ ದೇಹ ಆ ತುಣುಕುಗಳನ್ನು ವೈರಿಯೆಂದು ಬಗೆದು ಹೊಡೆದಾಟಕ್ಕಿಳಿಯುತ್ತದೆ, ಸವೆಯುವುದು ಕುಚ್ಚುಗಳು. ಆಗ ಭೇದಿಯೇ ಆಗಬೇಕೆಂದಿಲ್ಲ. ಎಷ್ಟು ಕಬ್ಬಿಣದ ಗುಳಿಗೆ ನುಂಗಿದರೂ ಏರದ ರಕ್ತ, ವಯಸ್ಸಿಗೆ ತಕ್ಕ ಎತ್ತರ ಬೆಳೆಯದ ಮಗು, ಬೇಗ ಟೊಳ್ಳಾಗುವ ಮೂಳೆ, ಇವೇ ಮೊದಲ ಸುಳಿವಾಗಬಹುದು.

ಭಾರತದ ಮಕ್ಕಳಲ್ಲಿ ಈ ಕಾಯಿಲೆಯ ವರದಿಗಳು 1960ರ ದಶಕದಿಂದ ಉತ್ತರ ಭಾರತದಿಂದ ಬಂದವು. ದಕ್ಷಿಣದಲ್ಲಿ ದೀರ್ಘ ಭೇದಿ ಎಂದರೆ ವೈದ್ಯರ ಮನಸ್ಸಿಗೆ ಬರುತ್ತಿದ್ದದ್ದು ಕರುಳಿನ ಕ್ಷಯ, ಇಲ್ಲವೇ ಉಷ್ಣವಲಯದ ಸ್ಪ್ರೂ ಎಂಬ ಕರುಳಿನ ಕಾಯಿಲೆ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನವರು ಸುತ್ತಲ ಹಳ್ಳಿಗಳಲ್ಲಿ ಈ ಸ್ಪ್ರೂ ಹಾವಳಿಯನ್ನೇ ಅಧ್ಯಯನ ಮಾಡಿದ್ದರು. ಗೋಧಿಯೇ ತಿನ್ನದವರಿಗೆ ಗೋಧಿಯ ಕಾಯಿಲೆ ಎಲ್ಲಿಂದ ಎಂಬ ಲೆಕ್ಕ ತಪ್ಪೂ ಆಗಿರಲಿಲ್ಲ. 2016ರಲ್ಲಿ ಪ್ರಕಟವಾದ, ದೇಶದ ಮೂರು ಭಾಗಗಳ 23 ಸಾವಿರಕ್ಕೂ ಹೆಚ್ಚು ವಯಸ್ಕರನ್ನು ಪರೀಕ್ಷಿಸಿದ ಅಧ್ಯಯನದಲ್ಲಿ ಸೀಲಿಯಾಕ್ ಪ್ರಮಾಣ ಉತ್ತರದಲ್ಲಿ ಶೇ 1.23, ಈಶಾನ್ಯದಲ್ಲಿ ಶೇ 0.87, ದಕ್ಷಿಣದಲ್ಲಿ ಶೇ 0.10. ದಿನಕ್ಕೆ ಉತ್ತರದವರು ತಿನ್ನುವ ಗೋಧಿ ಸುಮಾರು 455 ಗ್ರಾಂ, ದಕ್ಷಿಣದವರು 25 ಗ್ರಾಂ. ಹುಟ್ಟುಗುಣದಲ್ಲಿ ಅಂಥ ವ್ಯತ್ಯಾಸವಿರಲಿಲ್ಲ. ಹಾಗಾದರೆ ಎಲ್ಲ ಗೋಧಿಯ ತೂಕದ್ದೇ ಆಟ ಎನ್ನೋಣವೇ? ಈಶಾನ್ಯದವರು ತಿನ್ನುವುದು ಬರೀ 37 ಗ್ರಾಂ. ಅಲ್ಲಿನ ಅಂಕಿ ಈ ಸರಳ ಲೆಕ್ಕವನ್ನು ಕೆಡಿಸುತ್ತದೆ.

ಸಾವಿರಕ್ಕೆ ಒಬ್ಬರು ಎಂದರೆ ಕಡಿಮೆ ಎನಿಸುತ್ತದೆ. 2011ರ ಜನಗಣತಿಯಲ್ಲೇ ನಾಲ್ಕು ಲಕ್ಷ ದಾಟಿದ್ದ ದಾವಣಗೆರೆ ನಗರಕ್ಕೆ ಈ ಪ್ರಮಾಣ ಹಿಡಿದರೆ ನಾನೂರು ಮಂದಿ ಆಗುತ್ತಾರೆ. ಅಂದಾಜೇ ಸರಿ. ಆದರೆ ಗೋಧಿ ಈಗ 25 ಗ್ರಾಮಿಗೆ ನಿಂತಿಲ್ಲ ಎಂಬುದು ಎಲ್ಲರ ಮನೆಯ ಡಬ್ಬಿಗಳಿಗೆ ಗೊತ್ತು. 1956ರ ಪಿಎಲ್ 480 ಒಪ್ಪಂದದಲ್ಲಿ ಅಮೆರಿಕದ ಗೋಧಿ ಬಂತು, ಆಮೇಲೆ ಹಸಿರು ಕ್ರಾಂತಿಯದು. ಸಕ್ಕರೆ ಕಾಯಿಲೆಯವರು ರಾತ್ರಿ ಅನ್ನ ಬಿಟ್ಟು ಚಪಾತಿ ಹಿಡಿದರು. ಮಕ್ಕಳ ಡಬ್ಬಿಗೆ ಬ್ರೆಡ್ಡು, ನೂಡಲ್ಸ್ ಬಂದವು.

ಹಾಗಾಗಿ ಇಲ್ಲಿ ಪಥ್ಯದ ಕಷ್ಟ ರೊಟ್ಟಿ, ಮುದ್ದೆ, ಅನ್ನದ್ದಲ್ಲ. ಬೆಳಗಿನ ಉಪ್ಪಿಟ್ಟಿನದು, ಕೇಸರಿಬಾತಿನದು, ಹಬ್ಬದ ಹೋಳಿಗೆಯದು, ಜಾತ್ರೆಯ ಗೋಧಿ ಹುಗ್ಗಿಯದು. ಹಳೇ ತಳಿಯೆಂದು ಜವೆ ಗೋಧಿಯನ್ನು ಹೊಗಳುವವರಿದ್ದಾರೆ. ಅದರಲ್ಲೂ ಗ್ಲುಟೆನ್ ಇದೆ. ಇನ್ನೂ ಕಷ್ಟದ್ದು ಕಣ್ಣಿಗೆ ಕಾಣದ ಗೋಧಿ. ಅಂಗಡಿಯ ಇಂಗು ಶುದ್ಧ ಇಂಗಲ್ಲ. ಹಲವು ಕಂಪನಿಗಳದರಲ್ಲಿ ಮೈದಾ ಬೆರೆತಿರುತ್ತದೆ, ಕೆಲವರು ಅಕ್ಕಿಹಿಟ್ಟು ಬಳಸುತ್ತಾರೆ, ಪೊಟ್ಟಣದ ಹಿಂಭಾಗ ಓದಿ ತಿಳಿಯಬೇಕು. ಒಗ್ಗರಣೆಯ ಒಂದು ಚಿಟಿಕೆ ಇಂಗಿನಿಂದ ಇಡೀ ಸಾರನ್ನೇ ಕೈಬಿಡಬೇಕಾಗುತ್ತದೆ. ಮನೆಯಲ್ಲಿ ಮೊಳಕೆ ಕಟ್ಟಿ ಮಾಡಿದ ರಾಗಿ ಮಾಲ್ಟ್ ಸುರಕ್ಷಿತ. ಹಾರ್ಲಿಕ್ಸ್ ಅಲ್ಲ, ಅದರಲ್ಲಿರುವುದು ಗೋಧಿ ಮತ್ತು ಬಾರ್ಲಿ. ಹಿಟ್ಟಿನ ಗಿರಣಿಯಲ್ಲಿ ಹಿಂದಿನವರ ಗೋಧಿ ಬೀಸಿದ ಕಲ್ಲಿನಲ್ಲೇ ನಿಮ್ಮ ರಾಗಿ ಬೀಳುತ್ತದೆ. ಹೋಟೆಲಿನಲ್ಲಿ ರವೆ ದೋಸೆ ಎರೆದ ಕಾವಲಿಯ ಮೇಲೇ ಬೆಣ್ಣೆ ದೋಸೆ, ಮೈದಾ ಬೋಂಡಾ ಕರಿದ ಬಾಂಡಲಿಯಲ್ಲೇ ಮಿರ್ಚಿ.

ಅಷ್ಟು ಚೂರಿನಿಂದ ಏನಾದೀತು ಎಂದು ನೆಂಟರು ಕೇಳುತ್ತಾರೆ. 2007ರಲ್ಲಿ ಪ್ರಕಟವಾದ ಇಟಲಿಯ ಪ್ರಯೋಗದಲ್ಲಿ ದಿನಕ್ಕೆ 50 ಮಿಲಿಗ್ರಾಂ ಗ್ಲುಟೆನ್ ಮೂರು ತಿಂಗಳು ಹೊಟ್ಟೆಗೆ ಹೋದರೂ ಕರುಳಿನ ಕುಚ್ಚು ಸವೆದದ್ದು ಕಂಡಿತ್ತು. ಒಂದು ಹೋಳು ಬ್ರೆಡ್ಡಿನಲ್ಲಿ ಅದರ ಹತ್ತಾರು ಪಟ್ಟು ಇರುತ್ತದೆ. ‘ಗ್ಲುಟೆನ್ ಮುಕ್ತ’ ಎಂದು ಮಾರುವ ಪದಾರ್ಥದಲ್ಲಿ ಕಿಲೋಗೆ 20 ಮಿಲಿಗ್ರಾಂ ಮೀರಬಾರದು ಎಂಬುದು ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮವೂ ಹೌದು. ಕೊಂಡಜ್ಜಿಯ ಸ್ಕೌಟ್ಸ್ ಮತ್ತು ಗೈಡ್ಸ್ ಶಿಬಿರಕ್ಕೆ ಸೀಲಿಯಾಕ್ ಇರುವ ಮಗುವನ್ನು ಕಳಿಸುವ ತಾಯಿ ಅಡುಗೆಯವರ ಜೊತೆ ಮಾತಾಡಬೇಕಾದ್ದು ಇದನ್ನೇ: ಅನ್ನ ಬಡಿಸುವ ಸೌಟು ಉಪ್ಪಿಟ್ಟಿನ ಪಾತ್ರೆಗೆ ಹೋಗಬಾರದು.

ಇನ್ನು, ಕರುಳಿನ ಎಲ್ಲ ದೀರ್ಘ ಕಾಯಿಲೆಗೂ ಇದೇ ಪಥ್ಯವೇ? ಹಾಸ್‌ನ ಬಾಳೆಹಣ್ಣಿನ ಪಥ್ಯ ಡಿಕ್ಕೆಯ ನಂತರವೂ ಸಾಯಲಿಲ್ಲ. ಎಲೈನ್ ಗಾಟ್ಶಾಲ್ ಎಂಬ ತಾಯಿ ತಮ್ಮ ಮಗಳಿಗಿದ್ದ ಅಲ್ಸರೇಟಿವ್ ಕೊಲೈಟಿಸ್ ಎಂಬ ಕರುಳಿನ ಕಾಯಿಲೆಗೆ ಹಾಸ್‌ನಿಂದಲೇ ಆ ಪಥ್ಯ ಪಡೆದು, ಮುಂದೆ ಪುಸ್ತಕ ಬರೆದು ಲೋಕಕ್ಕೆಲ್ಲ ಹರಡಿದರು. ಅದರಲ್ಲಿ ಗೋಧಿಯಷ್ಟೇ ಅಲ್ಲ, ಅಕ್ಕಿ, ರಾಗಿ, ಜೋಳ, ಆಲೂಗಡ್ಡೆ, ಸಕ್ಕರೆ ಯಾವುದೂ ಇಲ್ಲ. ನಮ್ಮ ತಟ್ಟೆಯಿಂದ ಇಷ್ಟೂ ತೆಗೆದರೆ ಉಳಿಯುವುದು ಪಲ್ಯ, ಮೊಸರು, ಹಣ್ಣು. 2021ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗದಲ್ಲಿ ಕ್ರೋನ್ಸ್ ಎಂಬ ಕರುಳಿನ ಕಾಯಿಲೆಯ 190ಕ್ಕೂ ಹೆಚ್ಚು ಮಂದಿಗೆ ಗಾಟ್ಶಾಲ್ ಪಥ್ಯವನ್ನೂ, ತರಕಾರಿ, ಕಾಳು, ಧಾನ್ಯ, ಎಣ್ಣೆಗಳ ಮೆಡಿಟರೇನಿಯನ್ ಊಟವನ್ನೂ ಕೊಟ್ಟು ಹೋಲಿಸಿದರು. ಆರು ವಾರಕ್ಕೆ ಆರಾಮಾದವರು ಗಾಟ್ಶಾಲ್ ಪಥ್ಯದಲ್ಲಿ ಶೇ 46.5, ಮೆಡಿಟರೇನಿಯನ್ ಊಟದಲ್ಲಿ ಶೇ 43.5. ಅಷ್ಟು ಕಠಿಣ ಪಥ್ಯಕ್ಕೆ ಹೇಳಿಕೊಳ್ಳುವ ಲಾಭ ಸಿಗಲಿಲ್ಲ. ಕ್ರೋನ್ಸ್, ಕೊಲೈಟಿಸ್ ಇರುವವರು ಸಿರಿಧಾನ್ಯ ತಿನ್ನಲಿ, ಬೇಡವೆನ್ನುವವರಿಲ್ಲ. ಗುಳಿಗೆ ನಿಲ್ಲಿಸುವುದು ಮಾತ್ರ ಅಪಾಯ.

ಗೋಧಿ ಬಿಟ್ಟ ಮೇಲೆ ಹೊಟ್ಟೆ ಹಗುರಾಯಿತು ಎನ್ನುವ ಎಲ್ಲರಿಗೂ ಸೀಲಿಯಾಕ್ ಇರುವುದಿಲ್ಲ. ಗೋಧಿಯಲ್ಲಿ ಫ್ರಕ್ಟಾನ್ ಎಂಬ ಸಕ್ಕರೆಯ ಸರಪಳಿಯೂ ಇದೆ, ಈರುಳ್ಳಿ, ಬೆಳ್ಳುಳ್ಳಿಯಲ್ಲೂ ಇದೆ. ಗ್ಲುಟೆನ್ ಆಗದು ಎಂದುಕೊಂಡಿದ್ದ 59 ಜನರಿಗೆ ನಾರ್ವೆಯಲ್ಲಿ ಗೊತ್ತಾಗದಂತೆ ಎರಡನ್ನೂ ಬೇರೆ ಬೇರೆ ಕೊಟ್ಟಾಗ ಹೊಟ್ಟೆ ಉಬ್ಬಿಸಿದ್ದು ಹೆಚ್ಚಾಗಿ ಫ್ರಕ್ಟಾನ್.

ಅದಕ್ಕೇ ಒಂದು ಮಾತು. ಸಂಶಯವಿದ್ದರೆ ಗೋಧಿ ಬಿಡುವ ಮೊದಲು ಪರೀಕ್ಷೆ ಮಾಡಿಸಿ, ಬಿಟ್ಟ ಮೇಲಲ್ಲ. 1997ರ ಸಂಶೋಧನೆಯಿಂದ ಸಾಧ್ಯವಾದ ಟಿಟಿಜಿ ಎಂಬ ರಕ್ತ ಪರೀಕ್ಷೆ, ಬೇಕಾದರೆ ಎಂಡೋಸ್ಕೋಪಿಯಲ್ಲಿ ಸಣ್ಣ ಕರುಳಿನ ಚೂರು ತೆಗೆದು ನೋಡುವುದು, ಎರಡೂ ಸರಿಯಾದ ಉತ್ತರ ಕೊಡುವುದು ಗೋಧಿ ತಿನ್ನುತ್ತಿರುವಾಗ ಮಾತ್ರ. ಕೆಲವು ತಿಂಗಳು ಪಥ್ಯ ಮಾಡಿ ಹೋದರೆ ರಕ್ತದಲ್ಲಿನ ಸುಳಿವು ಇಳಿದಿರುತ್ತದೆ, ಕುಚ್ಚುಗಳು ಚಿಗುರಿರುತ್ತವೆ. ಕಾಯಿಲೆ ಇದ್ದರೂ ಇಲ್ಲವೆಂಬ ವರದಿ ಬಂದೀತು. ಮನೆಯಲ್ಲಿ ಒಬ್ಬರಿಗೆ ಸೀಲಿಯಾಕ್ ಖಚಿತವಾದರೆ ಒಡಹುಟ್ಟಿದವರಿಗೂ, ತಂದೆತಾಯಿಗೂ, ಮಕ್ಕಳಿಗೂ ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ. ಎರಡು ಮೆಡಿಕಲ್ ಕಾಲೇಜುಗಳಿರುವ ದಾವಣಗೆರೆಯಲ್ಲಿ ಇದಕ್ಕಾಗಿ ಬೆಂಗಳೂರಿನ ಬಸ್ಸು ಹತ್ತಬೇಕಿಲ್ಲ.