ಬಣ್ಣದ ನೀರು ಮತ್ತು ಬೆಳೆಯ ಕಸದ ಇದ್ದಿಲು

ಇದ್ದಿಲಿಗೆ ಬಣ್ಣವನ್ನು ಕಳೆಯುವ ಶಕ್ತಿಯುಂಟೆಂಬುದು ಹೊಸ ಸಂಗತಿಯೇನೂ ಅಲ್ಲ. 1785ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನ ಟೋಬಿಯಾಸ್ ಲೋವಿಟ್ಸ್ ಎಂಬ ರಸಾಯನ ವಿಜ್ಞಾನಿಯು ಇದನ್ನು ಪ್ರಯೋಗಪೂರ್ವಕವಾಗಿ ಕಂಡುಕೊಂಡನು. ಹತ್ತೊಂಬತ್ತನೆಯ ಶತಮಾನದ ಸಕ್ಕರೆ ಕಾರ್ಖಾನೆಗಳು ಮೂಳೆಯ ಇದ್ದಿಲಿನ ಮೂಲಕ ಪಾಕವನ್ನು ಸೋಸಿ ಬಿಳುಪುಗೊಳಿಸಿದವು. 1856ರಲ್ಲಿ ಇಂಗ್ಲೆಂಡಿನ ವಿಲಿಯಂ ಪರ್ಕಿನ್ನನು ಮೊದಲ ಅನಿಲಿನ್ ವರ್ಣವನ್ನು ತಯಾರಿಸಿದ ಮೇಲೆ ಕೃತಕ ವರ್ಣಗಳ ಯುಗವೇ ಆರಂಭವಾಯಿತು. ಬಿಸಿಲಿಗೂ ಒಗೆತಕ್ಕೂ ಅಳಿಯದಿರುವುದು ಈ ವರ್ಣಗಳ ಗುಣ. ನದಿಯನ್ನು ಸೇರಿದಾಗ ಆ ಗುಣವೇ ದೋಷವಾಗಿ ಪರಿಣಮಿಸುತ್ತದೆ. ಅವು ಬೇಗನೆ ಕೊಳೆಯುವುದಿಲ್ಲ. ನೀರಿನೊಳಕ್ಕೆ ಇಳಿಯುವ ಬೆಳಕನ್ನೂ ತಡೆಯುತ್ತವೆ.

ಭತ್ತದ ಹೊಟ್ಟು, ಹತ್ತಿಯ ಕಡ್ಡಿ, ಜೋಳದ ದಂಟು, ತೆಂಗಿನ ಚಿಪ್ಪು ಮೊದಲಾದವನ್ನು ಗಾಳಿಯ ಸಂಪರ್ಕವಿಲ್ಲದಂತೆ ಸುಮಾರು 400ರಿಂದ 700 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯಲ್ಲಿ ಕಾಯಿಸಿದರೆ ಅನಿಲಗಳೂ ಎಣ್ಣೆಯೂ ಹೊರಟುಹೋಗಿ ಇಂಗಾಲಪ್ರಧಾನವಾದ ಇದ್ದಿಲು ಉಳಿಯುತ್ತದೆ. ಇದನ್ನೇ ಇಂದು ಬಯೋಚಾರ್ ಎಂದು ಕರೆಯುವರು. ಇದರ ಮೈಯೆಲ್ಲ ಕಣ್ಣಿಗೆ ಕಾಣದ ರಂಧ್ರಗಳು. ವರ್ಣದ ಅಣುಗಳು ಆ ರಂಧ್ರಗಳ ಗೋಡೆಗೆ ಅಂಟಿಕೊಳ್ಳುತ್ತವೆ. ಅರಿವೆಯು ನೀರನ್ನು ಒಳಕ್ಕೆ ಹೀರುವುದಕ್ಕಿಂತ ಈ ಕ್ರಿಯೆಯು ಭಿನ್ನವಾದುದು; ಇಲ್ಲಿ ಎಲ್ಲವೂ ಮೇಲ್ಮೈಯಲ್ಲಿಯೇ ನಡೆಯುವುದರಿಂದ ಇದಕ್ಕೆ ಅಧಿಶೋಷಣವೆಂದು ಹೆಸರು.

ಎಲ್ಲ ವರ್ಣಗಳೂ ಒಂದೇ ಬಗೆಯಲ್ಲಿ ಅಂಟುವುದಿಲ್ಲವೆಂಬುದನ್ನು ಗಮನಿಸಬೇಕು. ಇದ್ದಿಲಿನ ಮೇಲ್ಮೈ ಸಾಮಾನ್ಯವಾಗಿ ಋಣ ವಿದ್ಯುದಂಶವುಳ್ಳದ್ದು. ಆದಕಾರಣ ಧನ ವಿದ್ಯುದಂಶದ ಮೆಥಿಲೀನ್ ಬ್ಲೂ ಅದಕ್ಕೆ ಸುಲಭವಾಗಿ ವಶವಾಗುತ್ತದೆ. ಪ್ರಯೋಗಾಲಯಗಳಲ್ಲಿ ಹೆಚ್ಚಾಗಿ ಪರೀಕ್ಷಿಸುವುದೂ ಇದನ್ನೇ. ಆದರೆ ಹತ್ತಿ ಬಟ್ಟೆಗೆ ಹಾಕುವ ರಿಯಾಕ್ಟಿವ್ ವರ್ಣಗಳು ಋಣ ವಿದ್ಯುದಂಶವುಳ್ಳವು. ಅವುಗಳಿಗಾಗಿ ನೀರಿನ ಆಮ್ಲೀಯತೆಯನ್ನು ಹೆಚ್ಚಿಸಬೇಕು, ಇಲ್ಲವೆ ಇದ್ದಿಲನ್ನು ಲೋಹದ ಲವಣಗಳಿಂದ ಸಂಸ್ಕರಿಸಬೇಕು. ಒಂದು ವರ್ಣದ ಮೇಲಿನ ಯಶಸ್ಸನ್ನು ಎಲ್ಲ ವರ್ಣಗಳಿಗೂ ಅನ್ವಯಿಸುವುದು ಯುಕ್ತವಲ್ಲ.

ತಮಿಳುನಾಡಿನ ತಿರುಪ್ಪೂರಿನ ಇತಿಹಾಸವು ಇನ್ನೊಂದು ಮಿತಿಯನ್ನು ತೋರಿಸುತ್ತದೆ. ಅಲ್ಲಿನ ಬಣ್ಣದ ಕಾರ್ಖಾನೆಗಳ ಕೊಳೆನೀರು ಕಾವೇರಿಯ ಉಪನದಿಯಾದ ನೊಯ್ಯಲ್ ನದಿಯನ್ನು ಕೆಡಿಸಿತು. ನೀರಾವರಿಗೆಂದು ಕಟ್ಟಿದ ಒರತುಪಾಳಯಂ ಜಲಾಶಯವು ರೈತರ ಪಾಲಿಗೆ ಶಾಪವಾಯಿತು. ಕೊನೆಗೆ 2011ರ ಜನವರಿಯಲ್ಲಿ ಮದರಾಸು ಉಚ್ಚ ನ್ಯಾಯಾಲಯವು ಆ ಕಾರ್ಖಾನೆಗಳನ್ನು ಮುಚ್ಚಿಸಲು ಆಜ್ಞಾಪಿಸಿತು. ಅಲ್ಲಿ ಹೊಲಗಳನ್ನು ಕೆಡಿಸಿದುದು ಬಣ್ಣಕ್ಕಿಂತ ಹೆಚ್ಚಾಗಿ ಉಪ್ಪು. ವರ್ಣವು ನೂಲಿಗೆ ಹಿಡಿಯಲೆಂದು ಹೇರಳವಾಗಿ ಬೆರೆಸುವ ಈ ಉಪ್ಪನ್ನು ಇದ್ದಿಲು ತೆಗೆಯಲಾರದು. ತಿಳಿಯಾಗಿ ಕಂಡ ನೀರೆಲ್ಲ ಶುದ್ಧವಾದ ನೀರಲ್ಲ.

ಇದಲ್ಲದೆ, ಅಧಿಶೋಷಣದಿಂದ ವರ್ಣವು ನಾಶವಾಗುವುದಿಲ್ಲ. ನೀರನ್ನು ಬಿಟ್ಟು ಇದ್ದಿಲಿಗೆ ಸ್ಥಳಾಂತರ ಹೊಂದುವುದಷ್ಟೆ. ಶುದ್ಧವಾದ ಬಯೋಚಾರನ್ನು ಭೂಸಾರಕ್ಕಾಗಿ ಹೊಲಕ್ಕೆ ಹಾಕುವ ಪದ್ಧತಿಯುಂಟು. ವರ್ಣ ತುಂಬಿದ ಇದ್ದಿಲನ್ನು ಹಾಗೆ ಹಾಕಿದರೆ ನದಿಯ ವಿಷವನ್ನು ಮಣ್ಣಿಗೆ ಒಯ್ದಂತಾಗುವುದು. ಅದನ್ನು ಮತ್ತೆ ಕಾಯಿಸಿ ಬಳಸುವ ಅಥವಾ ಸುರಕ್ಷಿತವಾಗಿ ವಿಲೇವಾರಿ ಮಾಡುವ ವ್ಯವಸ್ಥೆ ಮೊದಲೇ ಸಿದ್ಧವಿರಬೇಕು. ಹೊಲದ ಕಸವು ಅಗ್ಗವಾಗಿ ದೊರೆಯುವುದರಿಂದ ಸಣ್ಣ ಬಣ್ಣಗಾರರಿಗೆ ಈ ಉಪಾಯವು ನಿಸ್ಸಂದೇಹವಾಗಿ ಆಶಾದಾಯಕ. ಆದರೆ ಎಷ್ಟು ಬಣ್ಣ ಹೋಯಿತೆಂಬ ಪ್ರಶ್ನೆಯೊಡನೆ, ಅದು ಎಲ್ಲಿಗೆ ಹೋಯಿತು, ನೀರಿನಲ್ಲಿ ಏನು ಉಳಿಯಿತು ಎಂಬ ಪ್ರಶ್ನೆಗಳನ್ನೂ ನಮ್ಮ ವಿದ್ಯಾರ್ಥಿಗಳು ಕೇಳುವುದು ಅವಶ್ಯ.