ಬೆಳಿಗ್ಗೆ ನಡುಗುವ ಕಾರು, ಟೋಲಿನಲ್ಲಿ ಕರಕರ ಎನ್ನುವ ರೇಡಿಯೊ

ದೊಡ್ಡಬಳ್ಳಾಪುರದ ಡಿಸೆಂಬರ್ ಚಳಿಯಲ್ಲಿ, ಬೆಳಿಗ್ಗೆ ಆರೂವರೆಗೆ, ಹೊಸ ಪೆಟ್ರೋಲ್ ಕಾರನ್ನು ಸ್ಟಾರ್ಟ್ ಮಾಡಿದರೆ ಮೊದಲು ಕೇಳುವುದು ಏರಿದ ರೇಸಿನ ಒರಟು ಗುರುಗುರು. ಸ್ಟೇರಿಂಗ್ ಸಣ್ಣಗೆ ಅದುರುತ್ತದೆ, ಬಾಗಿಲಿನ ಸಂದಿಯಲ್ಲಿಟ್ಟ ಬಾಟಲಿಯ ನೀರು ಕದಡುತ್ತದೆ. ಅದೇ ಗಾಡಿಯನ್ನು ಯಲಹಂಕದ ಯಾವುದಾದರೂ ಸರ್ವಿಸ್ ಸೆಂಟರಿಗೆ ಒಯ್ದರೆ ಅಲ್ಲಿ ಸಾಧುವಾಗಿ ನಿಲ್ಲುತ್ತದೆ. ಬಾನೆಟ್ ಎತ್ತಿ ಕಿವಿಗೊಟ್ಟವರು, “ಏನೂ ಇಲ್ಲ ಸಾರ್, ಪೆಟ್ರೋಲ್ ಗಾಡಿ ಎಲ್ಲಾ ಹಿಂಗೇ” ಎನ್ನುತ್ತಾರೆ. ಮಾಲೀಕರಿಗೆ ಸಮಾಧಾನವಿಲ್ಲ. ನಿಜವೆಂದರೆ ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಯಲಹಂಕ ಮುಟ್ಟುವಷ್ಟರಲ್ಲಿ ಎಂಜಿನ್ ಬಿಸಿಯಾಗಿ, ದೂರಿನ ಕಾರಣ ದಾರಿಯಲ್ಲೇ ಕರಗಿರುತ್ತದೆ. ಗಾಡಿ ಯಾವಾಗ ನಡುಗುತ್ತದೆ ಎಂಬುದನ್ನು ಸರಿಯಾಗಿ ಗಮನಿಸಿದರೆ ಏಕೆ ಎಂಬುದು ಅರ್ಧ ತಿಳಿದಂತೆಯೇ.

ಬೆಳಗಿನ ಆ ಒರಟುತನವನ್ನು ಬೇಕೆಂದೇ ಮಾಡಿಟ್ಟಿದ್ದಾರೆ. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್-6 ನಿಯಮ ಹೊಗೆಯ ವಿಷಯದಲ್ಲಿ ಬಹಳ ಬಿಗಿ. ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಸುಮಾರು 250ರಿಂದ 300 ಡಿಗ್ರಿ ಸೆಲ್ಸಿಯಸ್ ಬಿಸಿಯಾಗುವ ತನಕ ಕೆಲಸವನ್ನೇ ಶುರು ಮಾಡದು. ಅದನ್ನು ಬೇಗ ಕಾಯಿಸಲು ಎಂಜಿನ್ನಿನ ಕಂಪ್ಯೂಟರ್, ಅಂದರೆ ಇಸಿಯು, ಒಂದು ಉಪಾಯ ಮಾಡುತ್ತದೆ. ಮಾಮೂಲಿಯಾಗಿ ಪಿಸ್ಟನ್ ತುದಿ ಮುಟ್ಟುವ ಮುಂಚೆಯೇ ಹಾರಬೇಕಾದ ಕಿಡಿಯನ್ನು ತಡ ಮಾಡಿ ಹಾರಿಸುತ್ತದೆ. ಉರಿ ತಡವಾದಾಗ ಶಾಖದ ದೊಡ್ಡ ಪಾಲು ಪಿಸ್ಟನ್ನನ್ನು ತಳ್ಳುವ ಬದಲು ಸೈಲೆನ್ಸರ್ ಕೊಳವೆಯತ್ತ ಹೋಗುತ್ತದೆ. ಶಕ್ತಿ ಕಡಿಮೆಯಾಗುತ್ತದೆ, ಎಂಜಿನ್ ಆಫ್ ಆಗದಿರಲೆಂದು ರೇಸ್ ಏರಿಸಬೇಕಾಗುತ್ತದೆ, ಒಂದೊಂದು ಉರಿಯೂ ಒಂದೊಂದು ಥರ. ಕನ್ವರ್ಟರ್ ಕಾದ ಮೇಲೆ ಕಿಡಿ ತನ್ನ ಜಾಗಕ್ಕೆ ಮರಳುತ್ತದೆ, ಆರ್‌ಪಿಎಂ ಮುಳ್ಳು 700–800ಕ್ಕೆ ಇಳಿಯುತ್ತದೆ, ಗುರುಗುರು ನಿಲ್ಲುತ್ತದೆ. ಹಳೆಯ ಕಾರುಗಳಲ್ಲಿ ಚೋಕ್ ಎಳೆಯುತ್ತಿದ್ದವರಿಗೆ ಇದು ಅಷ್ಟೇನೂ ಅಚ್ಚರಿಯಲ್ಲ.

ಇಂಧನದ ಪಾತ್ರವೂ ಇದೆ, ಆದರೆ ಜನ ದೂರುವಷ್ಟಿಲ್ಲ ಎಂಬುದು ನನ್ನ ಅನಿಸಿಕೆ. ಶೇ 20 ಎಥನಾಲ್ ಬೆರೆತ ‘ಇ-20’ ಪೆಟ್ರೋಲಿಗೆ 2023ರ ಫೆಬ್ರುವರಿ 6ರಂದು ಪ್ರಧಾನಿ ಚಾಲನೆ ಕೊಟ್ಟದ್ದು ಬೆಂಗಳೂರಿನ ಇಂಧನ ಸಮ್ಮೇಳನದಲ್ಲಿ; ಸಮ್ಮೇಳನ ನಡೆದದ್ದು ನೆಲಮಂಗಲದ ದಾರಿಯಲ್ಲಿರುವ ಮಾದಾವರದ ವಸ್ತುಪ್ರದರ್ಶನ ಕೇಂದ್ರದಲ್ಲಿ. ಬೆರಕೆ ನಡೆಯುವ ಒಂದು ಜಾಗವೂ ಬೆಂಗಳೂರಿಗೆ ಹತ್ತಿರದಲ್ಲೇ ಇದೆ. ಮಂಗಳೂರಿನಿಂದ ಹಾಸನದ ಮೇಲೆ ಬರುವ ಪೆಟ್ರೋಲ್ ಕೊಳವೆ ಹೊಸಕೋಟೆ ತಾಲ್ಲೂಕಿನ ದೇವನಗುಂದಿಯಲ್ಲಿ ಕೊನೆಯಾಗುತ್ತದೆ. ಎಥನಾಲ್ ಮಾತ್ರ ಆ ಕೊಳವೆಯಲ್ಲಿ ಬರುವುದಿಲ್ಲ, ಅದು ನೀರನ್ನು ಬಲು ಬೇಗ ಹೀರುತ್ತದೆ. ಹಾಗಾಗಿ ಅದನ್ನು ಟ್ಯಾಂಕರಿನಲ್ಲಿ ತಂದು ಡಿಪೋದಲ್ಲೇ ಬೆರೆಸಿ ಬಂಕುಗಳಿಗೆ ಕಳಿಸುತ್ತಾರೆ.

ಎಥನಾಲ್ ಆವಿಯಾಗಲು, ತೂಕಕ್ಕೆ ತೂಕ, ಪೆಟ್ರೋಲಿಗಿಂತ ಎರಡು ಪಟ್ಟಿಗೂ ಹೆಚ್ಚು ಶಾಖ ಬೇಕು. ತಣ್ಣನೆಯ ಎಂಜಿನ್ನಿನಲ್ಲಿ ಅಷ್ಟು ಶಾಖ ಎಲ್ಲಿಂದ ಬರಬೇಕು? ಸ್ವಲ್ಪ ಇಂಧನ ಹನಿಯಾಗಿಯೇ ಉಳಿದು ಮೊದಲ ಕೆಲವು ಸೆಕೆಂಡಿನ ಉರಿ ಏರುಪೇರಾಗುತ್ತದೆ. ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕಾದರೆ ಎಥನಾಲಿಗೆ 9 ಕಿಲೋ ಸಾಕು. ಈ ಲೆಕ್ಕವನ್ನು ಸರಿದೂಗಿಸುವುದು ಹೊಗೆಕೊಳವೆಯ ಆಕ್ಸಿಜನ್ ಸೆನ್ಸರ್. ಅದೂ ಬಿಸಿಯಾದ ಮೇಲೆಯೇ ಬಾಯಿಬಿಡುವುದು. ಅಲ್ಲಿಯವರೆಗೆ ಇಸಿಯು ಅಂದಾಜಿನ ಮೇಲೆ ನಡೆಸುತ್ತದೆ.

ಬಂಕಿನಲ್ಲಿ ನಾವೇ ಮಾಡಿಸುವ ಒಂದು ತಪ್ಪೂ ಇದೆ. ಗನ್ ಒಮ್ಮೆ ಟಕ್ಕೆಂದು ಕಟ್ ಆದ ಮೇಲೂ “ಇನ್ನೂ ಸ್ವಲ್ಪ ಹಾಕಪ್ಪ, ರೌಂಡ್ ಫಿಗರ್ ಆಗ್ಲಿ” ಎನ್ನುವುದು. ಟ್ಯಾಂಕಿನ ಪೆಟ್ರೋಲ್ ಆವಿಯನ್ನು ಹಿಡಿದಿಡಲು ಇದ್ದಿಲು ತುಂಬಿದ ಒಂದು ಡಬ್ಬಿ ಇರುತ್ತದೆ. ಕಂಠಮಟ್ಟ ತುಂಬಿಸಿದಾಗ ಅದರೊಳಗೆ ದ್ರವವೇ ನುಗ್ಗಬಹುದು. ಆಮೇಲೆ ಎಂಜಿನ್ ಆ ಡಬ್ಬಿಯಿಂದ ಆವಿ ಎಳೆದುಕೊಂಡಾಗ ಬೇಕಾದದ್ದಕ್ಕಿಂತ ಹೆಚ್ಚು ಇಂಧನ ಸೇರಿ ಐಡಲಿಂಗ್ ತಪ್ಪುತ್ತದೆ. ಫುಲ್ ಟ್ಯಾಂಕ್ ಮಾಡಿಸಿದ ದಿನವೇ ನಡುಕ ಶುರುವಾಗಿದ್ದರೆ ಅನುಮಾನ ಇತ್ತ ಹರಿಯಲಿ.

ಬಿಸಿಯಾದ ಮೇಲೂ, ಸಿಗ್ನಲ್ಲಿನಲ್ಲಿ ನಿಂತಾಗ ಸೀಟಿನಡಿ ಸಣ್ಣ ಅದುರು ಉಳಿದರೆ ಸಿಲಿಂಡರ್ ಎಷ್ಟೆಂದು ನೋಡಬೇಕು. ಈಗಿನ ಸಣ್ಣ ಪೆಟ್ರೋಲ್ ಕಾರುಗಳಲ್ಲಿ ಹಲವು ಮೂರು ಸಿಲಿಂಡರಿನವು. ನಿಮಿಷಕ್ಕೆ 750 ಸುತ್ತಿನಲ್ಲಿ ನಾಲ್ಕು ಸಿಲಿಂಡರಿನ ಎಂಜಿನ್ ಸೆಕೆಂಡಿಗೆ 25 ಬಾರಿ ಉರಿದರೆ ಮೂರರದ್ದು ಹತ್ತಿರ ಹತ್ತಿರ 19 ಬಾರಿ. ನಮ್ಮ ಕಿವಿಯ ಕೆಳಮಿತಿ ಸುಮಾರು 20 ಹರ್ಟ್ಜ್. ಅಂದರೆ ಈ ಮಿಡಿತ ಕಿವಿಗೆ ಬೀಳುವ ಮೊದಲು ಬೆನ್ನಿಗೆ ತಟ್ಟುತ್ತದೆ. ಜೊತೆಗೆ ಒಂದು ತುದಿಯ ಪಿಸ್ಟನ್ ಏರುವಾಗ ಇನ್ನೊಂದು ತುದಿಯದು ಇಳಿಯುವುದರಿಂದ ಇಡೀ ಎಂಜಿನ್ ಏತದ ಮರದಂತೆ ತೂಗುತ್ತದೆ. ಇದನ್ನು ಮೌಂಟಿಂಗ್ ರಬ್ಬರುಗಳು ಬಹುಪಾಲು ನುಂಗಿಕೊಳ್ಳುತ್ತವೆ. ಎಸಿ ಹಾಕಿದಾಗ ಭಾರ ಬಿದ್ದು ಅದುರು ಬದಲಾಗುವುದು ಸಹಜ.

ಕಾಯಿಲೆಯ ಗುರುತು ಬೇರೆ. ಲಯಬದ್ಧ ನಡುಕದ ನಡುವೆ ಒಂದು ಬಡಿತ ತಪ್ಪಿ ಗಾಡಿ ಮುಗ್ಗರಿಸಿದಂತಾದರೆ ಅದನ್ನು ಮೆಕ್ಯಾನಿಕ್ಕುಗಳು ‘ಮಿಸ್ಸಿಂಗ್’ ಎನ್ನುತ್ತಾರೆ. ಒಂದು ಸಿಲಿಂಡರ್ ಉರಿಯದೆ ಬಿಟ್ಟರೆ ಎಂಜಿನ್ನಿನ ಜೊತೆ ತಿರುಗುವ ಹಲ್ಲುಚಕ್ರದ ವೇಗ ಕಣ್ಣಿಗೆ ಕಾಣದಷ್ಟು ಸ್ವಲ್ಪ ಕುಗ್ಗುತ್ತದೆ. ಸೆನ್ಸರ್ ಅದನ್ನು ಹಿಡಿಯುತ್ತದೆ. ಚೆಕ್ ಎಂಜಿನ್ ದೀಪ ಮಿನುಗತೊಡಗಿದರೆ ಉರಿಯದ ಪೆಟ್ರೋಲ್ ಕನ್ವರ್ಟರಿನೊಳಗೆ ಉರಿದು ಅದನ್ನು ಸುಡುವ ಅಪಾಯವಿದೆ ಎಂದರ್ಥ. ಗಾಡಿಯನ್ನು ಬದಿಗೆ ನಿಲ್ಲಿಸಿ ಫೋನ್ ಮಾಡುವುದೇ ಲೇಸು.

ಆಡಿಯೊ ತಕರಾರಿಗೂ, ಯಾವಾಗ ಬರುತ್ತದೆ ಎಂದು ಗಮನಿಸುವ ಇದೇ ಪರೀಕ್ಷೆ. ಸ್ಪೀಕರಿನಲ್ಲಿ ಸಣ್ಣ ‘ಕುಂಯ್’ ಬರುತ್ತಿದೆಯೇ? ನಿಂತಲ್ಲೇ ಆಕ್ಸಿಲರೇಟರ್ ಒತ್ತಿ ನೋಡಿ. ರೇಸಿನ ಜೊತೆ ಸ್ವರ ಏರಿದರೆ ಅದು ಆಲ್ಟರ್ನೇಟರಿನ ವಿದ್ಯುತ್ತಿನ ಏರಿಳಿತ. ಅದು ಒಳಬರುವುದು ಸಡಿಲವಾದ ಅರ್ಥಿಂಗಿನಿಂದ, ಇಲ್ಲವೇ ಅಗ್ಗದ ಮೊಬೈಲ್ ಚಾರ್ಜರಿನಿಂದ. ಚಾರ್ಜರ್ ಕಿತ್ತ ಕೂಡಲೇ ಸದ್ದು ನಿಂತರೆ ದೋಷ ಚಾರ್ಜರಿನದು, ಕಾರಿನದಲ್ಲ. ಸ್ಟಾರ್ಟ್ ಮಾಡುವಾಗ ಪರದೆ ಒಮ್ಮೆ ಕಪ್ಪಾದರೆ, ಸ್ಟಾರ್ಟರ್ ಮೋಟಾರ್ ಬ್ಯಾಟರಿಯ ವೋಲ್ಟೇಜನ್ನು ಕ್ಷಣಕಾಲ ಎಳೆದುಹಾಕಿದೆ, ಅಷ್ಟೆ. ಬ್ಲೂಟೂತ್ ಹಾಡು ತುಂಡಾಗುತ್ತಿದ್ದರೆ ಪ್ಯಾಂಟಿನ ಹಿಂದಿನ ಜೇಬಿನಲ್ಲಿರುವ ಫೋನನ್ನು ಹೊರತೆಗೆದು ನೋಡಿ. ಮೈಯೊಳಗಿನ ನೀರು ಅದರ 2.4 ಗಿಗಾಹರ್ಟ್ಜ್ ಅಲೆಯನ್ನು ಚೆನ್ನಾಗಿ ಹೀರುತ್ತದೆ.

ಎಫ್‌ಎಂ ಕಥೆ ಇನ್ನೂ ಸೊಗಸು. ಬೆಂಗಳೂರಿನ ಎಫ್‌ಎಂ ರೇನ್‌ಬೋ 101.3 ಮೆಗಾಹರ್ಟ್ಜಿನಲ್ಲಿ ಬರುತ್ತದೆ. ಆ ಅಲೆಯ ಉದ್ದ ಹೆಚ್ಚುಕಮ್ಮಿ ಮೂರು ಮೀಟರ್. ಹೊಸಕೋಟೆ ಟೋಲಿನ ಸಾಲಿನಲ್ಲಿ ಕಂಟೇನರ್ ಲಾರಿಯ ಪಕ್ಕ ನಿಂತಿದ್ದೀರಿ ಎನ್ನಿ. ನೇರ ಬಂದ ಅಲೆಯೂ ಲಾರಿಯ ತಗಡಿಗೆ ಬಡಿದು ಮರಳಿದ ಅಲೆಯೂ ಆಂಟೆನಾದ ಬಳಿ ಕೂಡುತ್ತವೆ. ಒಂದರ ಏರು ಇನ್ನೊಂದರ ಇಳಿವಿಗೆ ಸಿಕ್ಕ ಜಾಗದಲ್ಲಿ ಎರಡೂ ಒಂದನ್ನೊಂದು ಅಳಿಸಿ, ಹಾಡಿನ ಬದಲು ಬರೀ ಕರಕರ. ಅಂಥ ಎರಡು ಜಾಗಗಳ ನಡುವೆ ಒಂದೂವರೆ ಮೀಟರಿನಷ್ಟು ಅಂತರ ಇರಬಹುದು. ಗಂಟೆಗೆ 54 ಕಿ.ಮೀ. ವೇಗದಲ್ಲಿ ಹೋಗುವಾಗ ಇಂಥ ಪ್ರತಿಫಲನ ಸಿಕ್ಕರೆ ದನಿ ಸೆಕೆಂಡಿಗೆ ಹತ್ತು ಸಲ ಕತ್ತರಿಸುತ್ತದೆ. ಟೋಲಿನಲ್ಲಿ ನಿಂತಾಗ ಮಾತ್ರ ಸರ್ವಿಸ್ ಸೆಂಟರಿನವರು ಬೇಕಿಲ್ಲ: ಮುಂದಿನ ಗಾಡಿ ಜಾಗ ಬಿಟ್ಟಾಗ ಮುಕ್ಕಾಲು ಮೀಟರ್ ಸರಿದುಕೊಳ್ಳಿ, ಹಾಡು ಮತ್ತೆ ಬರುತ್ತದೆ.