ಚಿಗರಿಗೆ ಸಣ್ಣ ಗುಂಡು, ಹಂದಿಗೆ ದೊಡ್ಡದು

ನೋಡಿದ ಕೂಡಲೇ ಅಕ್ಕಸಾಲಿಗರ ಇಕ್ಕಳ ಅನ್ನಿಸುತ್ತದೆ. ಎರಡು ಹಿಡಿ, ನಡುವೆ ಒಂದು ಮೊಳೆ, ತುದಿಗೆ ಎರಡು ದಪ್ಪ ದವಡೆ. ಸುರಪುರದ ಗುಡ್ಡದ ಕೆಳಗಿನ ಓಣಿಯೊಂದರ ಹಳೆಯ ಮನೆಯಲ್ಲಿ, ಪಡಸಾಲೆಯ ಮಾಡದೊಳಗೆ ಎಣ್ಣೆ ಬುಡ್ಡಿಗೂ ತುಕ್ಕು ಹಿಡಿದ ಕತ್ತರಿಗೂ ನಡುವೆ ಅದು ಬಿದ್ದಿತ್ತು. ದವಡೆ ತೆರೆದರೆ ಒಳಮೈಯಲ್ಲಿ ಅರ್ಧಗೋಳದ ಎರಡು ಕುಳಿ: ಒಂದು ಸಣ್ಣದು, ಒಂದು ದೊಡ್ಡದು. ಎರಡರ ನೆತ್ತಿಗೂ ಕರಗಿದ ಸೀಸ ಇಳಿಯಲು ಸಣ್ಣ ದಾರಿ.

‘ಇಕ್ಕಳ ಅಲ್ರೀ ಸರ, ಗುಂಡಿನ ಅಚ್ಚು’ ಎಂದರು ಮನೆಯ ಹಿರಿಯರು. ಎಂಬತ್ತರ ಆಸುಪಾಸಿನವರು, ಸಂಸ್ಥಾನದ ಕಾಲಕ್ಕೆ ದಂಡಿನಲ್ಲಿದ್ದ ಬೇಡ ಮನೆತನ. ‘ಈ ಸಣ್ಣದು ಚಿಗರಿಗ್ರೀ, ದೊಡ್ಡದು ಹಂದಿಗಿ. ನಮ್ಮ ಮುತ್ಯಾ ಹಂಗ ಹೇಳ್ತಿದ್ದ.’

ಜಿಂಕೆಗೆ ಯಾವ ಅಳತೆಯ ಗುಂಡು ಸರಿ ಎಂಬ ಪ್ರಶ್ನೆಗೆ ಇಂಗ್ಲೆಂಡಿನಲ್ಲಿ ಕಾಯ್ದೆಯೇ ಇದೆ, ಅಮೆರಿಕದಲ್ಲಿ ಪುಸ್ತಕಗಳ ರಾಶಿಯೇ ಇದೆ. ಸುರಪುರದ ಈ ಕಬ್ಬಿಣದ ತುಂಡು ಅದಕ್ಕೆ ಎರಡು ಕುಳಿಗಳಲ್ಲಿ ಉತ್ತರ ಹೇಳಿಬಿಟ್ಟಿದೆ. ಇನ್ನೊಂದು ಸಂಗತಿ ತಡವಾಗಿ ಹೊಳೆಯುತ್ತದೆ. ಬತ್ತಿ ಬಂದೂಕಿಗೆ ಸಾಮಾನ್ಯವಾಗಿ ಒಂದೇ ನಳಿಗೆ, ಒಂದು ನಳಿಗೆಗೆ ಒಂದೇ ಅಳತೆ. ಅಚ್ಚಿನಲ್ಲಿ ಎರಡು ಅಳತೆ ಇದೆ ಎಂದರೆ ಆ ಮನೆಯಲ್ಲಿ ಬತ್ತಿ ಬಂದೂಕುಗಳೂ ಎರಡಿದ್ದವು. ಬಂದೂಕುಗಳು ಹೋದವು, ಅಚ್ಚು ಉಳಿಯಿತು.

ಸೀಸ ಕಾಯಿಸುವ ಮಾತಿರಲಿಲ್ಲ. ಹಿರಿಯರ ಸೊಸೆ ಅಡುಗೆಮನೆಯಿಂದ ರೊಟ್ಟಿಗೆ ನಾದಿದ ಜೋಳದ ಹಿಟ್ಟು ತಂದುಕೊಟ್ಟರು. ಕುಳಿಗಳಿಗೆ ಎಣ್ಣೆ ಸವರಿ, ಹಿಟ್ಟು ತುಂಬಿ, ದವಡೆ ಒತ್ತಿ ಬಿಟ್ಟಾಗ ಎರಡು ಗುಂಡು ಹೊರಬಿದ್ದವು. ಸುತ್ತಲೂ ಅಚ್ಚಿನ ಕೂಡುಗೆರೆ ಸಹಿತ. ಗ್ಯಾರೇಜಿನಿಂದ ಕಡ ತಂದ ವರ್ನಿಯರ್ ಕ್ಯಾಲಿಪರ್ ಹಿಡಿದು ನೋಡಿದರೆ ಸಣ್ಣದು 13 ಮಿಲಿಮೀಟರ್, ದೊಡ್ಡದು 16. ಸೀಸದ ಲೆಕ್ಕ ಹಾಕಿದರೆ ಸಣ್ಣ ಗುಂಡು ಸುಮಾರು 13 ಗ್ರಾಂ, ದೊಡ್ಡದು 24 ಗ್ರಾಂಗೂ ಸ್ವಲ್ಪ ಹೆಚ್ಚು. ಅಗಲ ಹೆಚ್ಚಿದ್ದು 3 ಮಿಲಿಮೀಟರ್ ಮಾತ್ರ, ತೂಕ ಹೆಚ್ಚುಕಡಿಮೆ ಇಮ್ಮಡಿ. ಗೋಳದ ತೂಕ ವ್ಯಾಸದ ಘನದಂತೆ ಏರುತ್ತದೆ ಎಂಬುದನ್ನು ಶಾಲೆಯಲ್ಲಿ ಎಲ್ಲರೂ ಓದಿರುತ್ತಾರೆ. ಅಂಗೈಯಲ್ಲಿ ಆ ಎರಡು ಹಿಟ್ಟಿನ ಗುಂಡು ಇಟ್ಟುಕೊಂಡಾಗ ಅದು ತಿಳಿಯುವ ಬಗೆಯೇ ಬೇರೆ. ಗಂಡು ಚಿಗರಿ 35–40 ಕಿಲೋ ತೂಗುವ ಪ್ರಾಣಿ. ಕಾಡುಹಂದಿ ಅದರ ಎರಡು ಪಟ್ಟು, ಕೆಲವೊಮ್ಮೆ ಮೂರು ಪಟ್ಟು. ದಪ್ಪ ಚರ್ಮ, ಮೂಳೆಯೂ ಗಟ್ಟಿ. ಅಚ್ಚು ಮಾಡಿದ ಕಮ್ಮಾರ ಪ್ರಾಣಿ ತೂಗಿ ಕುಳಿ ಕೊರೆದಂತಿದೆ.

ಅಳತೆಯ ಹೆಸರುಗಳ ಕಥೆಯಂತೂ ಹಿಡಿದರೆ ಬಿಡುವುದಿಲ್ಲ. ಬೆಳೆ ಕಾಯಲು ಲೈಸೆನ್ಸ್ ಪಡೆದ ಶಹಾಪುರ ಕಡೆಯ ರೈತ ‘ನಂದು 12 ಬೋರಿಂದ್ರಿ’ ಎನ್ನುತ್ತಾನೆ. ಅದು ಅಂಗುಲವಲ್ಲ, ಮಿಲಿಮೀಟರೂ ಅಲ್ಲ. ಒಂದು ಪೌಂಡ್ ಸೀಸದಲ್ಲಿ ಸಮನಾದ 12 ಗುಂಡು ಎರೆದರೆ ಒಂದು ಗುಂಡು ಎಷ್ಟು ದಪ್ಪವೋ ಅದೇ 12 ಬೋರ್: ಸುಮಾರು 18.5 ಮಿಲಿಮೀಟರ್. ಹಾಗಾಗಿ ಅಂಕಿ ಹೆಚ್ಚಾದಷ್ಟೂ ನಳಿಗೆ ಸಣ್ಣದು. ಆ ಲೆಕ್ಕಕ್ಕೆ ಸುರಪುರದ ಚಿಗರಿ ಗುಂಡು 35 ಬೋರ್, ಹಂದಿ ಗುಂಡು 19ರ ಹತ್ತಿರ. ರೈಫಲ್‌ಗೆ ಬಂದರೆ ಬೋರ್ ಹೋಗಿ ಅಂಗುಲದ ದಶಾಂಶ ಶುರು: .303, .315, .375. ಅಂಗುಲವಾದರೂ ನಿಜ ಹೇಳುತ್ತದೆಯೇ? .303 ರೈಫಲಿನ ಗುಂಡಿನ ನಿಜವಾದ ದಪ್ಪ .311ರ ಮೇಲೆ. .275 ರಿಗ್ಬಿಯ ಗುಂಡು .284 ಅಂಗುಲ. .318 ವೆಸ್ಟ್ಲಿ ರಿಚರ್ಡ್ಸ್‌ನದು .330. ನಳಿಗೆಯೊಳಗೆ ಗುಂಡನ್ನು ತಿರುಗಿಸಲು ಕೊರೆದ ಸುರುಳಿ ತೋಡುಗಳಿರುತ್ತವೆ. ತೋಡಿನ ತಳದಿಂದ ಅಳೆದರೆ ಒಂದು ಅಂಕಿ, ದಿಣ್ಣೆಯಿಂದ ಅಳೆದರೆ ಇನ್ನೊಂದು. .30-06ರಲ್ಲಿ ಹಿಂದಿರುವ 06 ಅಳತೆಯೇ ಅಲ್ಲ, ಅಮೆರಿಕದ ಸೈನ್ಯ ಆ ಕಾಡತೂಸನ್ನು ಒಪ್ಪಿಕೊಂಡ 1906ರ ಇಸವಿ. ಹೆಸರು ನೋಡಿ ಬಂದೂಕು ಆರಿಸುವವನು ಮೋಸಹೋಗುವುದು ಖಂಡಿತ.

ಸುರಪುರಕ್ಕೆ ಮರಳೋಣ. ದಖ್ಖನಿನಲ್ಲಿ ಬೇಡರ ಗುರಿಗಾರಿಕೆಗೆ ದೊಡ್ಡ ಹೆಸರಿತ್ತು. 1705ರ ಫೆಬ್ರವರಿಯಲ್ಲಿ ಔರಂಗಜೇಬ ಸ್ವತಃ ಬಂದು ವಾಗಣಗೇರಾ ಕೋಟೆಗೆ ಮುತ್ತಿಗೆ ಹಾಕಿದ. ಅದು ಅವನ ಕೊನೆಯ ಮುತ್ತಿಗೆ. ಸುರಪುರದ ಬೇಡ ದೊರೆ ಪಿಡ್ಡ ನಾಯಕನ ಬಂದೂಕುದಾರರು ಏಪ್ರಿಲ್ ಕೊನೆಯವರೆಗೂ ಮೊಘಲ್ ದಂಡನ್ನು ತಡೆದು ನಿಲ್ಲಿಸಿದರು. ಕೋಟೆ ಸಿಕ್ಕಿತು, ನಾಯಕ ಸಿಗಲಿಲ್ಲ. ಬತ್ತಿ ಬಂದೂಕಿನ ನಳಿಗೆಯೊಳಗೆ ಸುರುಳಿ ತೋಡುಗಳಿಲ್ಲ. ಗುಂಡು ಉರುಟು, ಗಾಳಿಗೆ ಎದೆಯೊಡ್ಡಿ ಹೋಗಿ ಬೇಗ ವೇಗ ಕಳೆದುಕೊಳ್ಳುತ್ತದೆ. ಅರವತ್ತು–ಎಂಬತ್ತು ಮೀಟರ್ ಆಚೆಗೆ ಅದರ ಗುರಿ ನೆಚ್ಚುವಂತಿಲ್ಲ. ಕಲ್ಲುಬಂಡೆಯ ಮರೆಯಿರುವ ಕೋಟೆಯಲ್ಲಿ ಅಷ್ಟು ಸಾಕು.

ಎರಿ ಭೂಮಿಯಲ್ಲಿ ಸಾಲದು. ಚಿಗರಿ ಬಯಲಿನ ಜೀವ. ದೂರದಿಂದಲೇ ಮನುಷ್ಯನನ್ನು ಕಾಣುತ್ತದೆ; ಓಡಿದರೆ ಗಂಟೆಗೆ 80 ಕಿಲೋಮೀಟರ್ ವೇಗ. ಹಾಗಾಗಿ ಬಂದೂಕಿಗಿಂತ ಮುಖ್ಯವಾದದ್ದು ಹತ್ತಿರ ಹೋಗುವ ವಿದ್ಯೆ. ‘ಎತ್ತಿನ ಮರಿಗಿ ನಡಕೋತ ಹೋಗ್ತಿದ್ರು. ಎತ್ತ ಮೇಯ್ಕೋತ ಹೋದಂಗ ಇವರೂ ಹೋಗೂದು. ಐವತ್ತು ಹೆಜ್ಜಿ ಬಂತಂದ್ರ ಮುಂಗಾಲ ಹಿಂದ ಒಂದಽ ಈಡು’ ಎಂದು ಹಿರಿಯರು ತಮ್ಮ ಪಕ್ಕೆಯನ್ನೇ ಮುಟ್ಟಿ ತೋರಿಸಿದರು. ಹೃದಯ, ಪುಪ್ಪುಸ ಇರುವ ಜಾಗ ಅದು. ಹರಣಶಿಕಾರಿಗಳು, ಚಿಗರಿಬೇಟೆಗಾರರು ಎಂದು ಹೆಸರಾದ ಅಲೆಮಾರಿಗಳಂತೂ ಬಂದೂಕಿನ ತಂಟೆಗೇ ಹೋಗದೆ ಉರುಲಿನಿಂದ ಕೆಲಸ ಸಾಧಿಸುತ್ತಿದ್ದರು. ಗುಂಡಿನ ಅಳತೆಯ ಚರ್ಚೆಯಲ್ಲಿ ಇಂದಿಗೂ ಎಲ್ಲರೂ ಮರೆಯುವುದು ಈ ಎರಡನ್ನೇ: ಎಷ್ಟು ದೂರದಿಂದ ಹೊಡೆಯುವುದು, ಎಲ್ಲಿಗೆ ಹೊಡೆಯುವುದು. ಹೊಟ್ಟೆಗೆ ಬಿದ್ದರೆ ಎಂಥ ದೊಡ್ಡ ಗುಂಡಾದರೂ ಪ್ರಾಣಿ ಮೈಲುಗಟ್ಟಲೆ ಓಡಿ, ನರಳಿ ಸಾಯುತ್ತದೆ. ಹಳೆಯ ಶಿಕಾರಿ ಪುಸ್ತಕಗಳ ‘ಒಂದೇ ಗುಂಡಿಗೆ’ ಎಂಬ ವರ್ಣನೆಗಳನ್ನು ನಂಬಲು ಮನಸ್ಸು ಒಪ್ಪದಿರುವುದು ಇದಕ್ಕೇ. ತಪ್ಪಿದ ಗುಂಡುಗಳ ಲೆಕ್ಕ ಅವುಗಳಲ್ಲಿ ತೀರ ಕಡಿಮೆ.

ಮುಂದೆ ನಡೆದದ್ದು ಈ ಭಾಗದ ಓದುಗರಿಗೆ ಗೊತ್ತಿರುವ ಕಥೆ. 1840ರ ದಶಕದಲ್ಲಿ ಇಂಗ್ಲಿಷ್ ಅಧಿಕಾರಿ ಫಿಲಿಪ್ ಮೆಡೋಸ್ ಟೇಲರ್ ಸುರಪುರದ ಆಡಳಿತ ನೋಡಿಕೊಂಡ. ಗುಡ್ಡದ ಮೇಲಿನ ಅವನ ಬಂಗಲೆ ಟೇಲರ್ ಮಂಜಿಲ್ ಇಂದಿಗೂ ಇದೆ. ಅವನು ಮಗನಂತೆ ನೋಡಿಕೊಂಡ ರಾಜಾ ವೆಂಕಟಪ್ಪ ನಾಯಕ 1858ರ ಫೆಬ್ರವರಿಯಲ್ಲಿ ಇಂಗ್ಲಿಷರ ಮೇಲೆ ತಿರುಗಿಬಿದ್ದ. ಸೆರೆಯಾಗಿ ಚೆಂಗಲ್‌ಪಟ್ಟು ಕೋಟೆಯ ದಾರಿಯಲ್ಲಿದ್ದಾಗ ಬೆಂಗಾವಲು ಅಧಿಕಾರಿಯ ರಿವಾಲ್ವರಿನ ಗುಂಡಿಗೆ ತೀರಿಕೊಂಡ. ಅದಕ್ಕೂ ಕೆಲವೇ ತಿಂಗಳ ಹಿಂದೆ ಮುಧೋಳ ಸಂಸ್ಥಾನದ ಹಲಗಲಿಯಲ್ಲಿ, ಹತಾರ ಒಪ್ಪಿಸಿ ಎಂಬ ಹುಕುಂ ಒಪ್ಪದ ಬೇಡರು ದಂಗೆ ಎದ್ದಿದ್ದರು. ಅವರಲ್ಲಿ 19 ಮಂದಿಯನ್ನು ನೇಣಿಗೆ ಹಾಕಲಾಯಿತು. ಅದೇ ಕನ್ನಡ ನಾಡಿನ ಕೊಡವರಿಗೆ ಮಾತ್ರ ಲೈಸೆನ್ಸಿನ ವಿನಾಯಿತಿ ಸಿಕ್ಕಿತು, ಇಂದಿಗೂ ನಡೆದು ಬಂದಿದೆ. ಮಾಡದಲ್ಲಿ ಅಚ್ಚು ಮಾತ್ರ ಉಳಿದು ಬಂದೂಕುಗಳು ಕಾಣೆಯಾದದ್ದೇಕೆ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು.

ಭಾರತದಲ್ಲಿ ಶಿಕಾರಿಗೆ ಯಾವ ಅಳತೆಯ ರೈಫಲ್ ಎಂಬುದನ್ನು ನಿಜವಾಗಿ ತೀರ್ಮಾನಿಸಿದ್ದು ಸರ್ಕಾರದ ಭಯ ಎಂದು ಧೈರ್ಯವಾಗಿ ಹೇಳಬಹುದು. 1907ರಲ್ಲಿ ಬ್ರಿಟಿಷರು .450 ಅಳತೆಯ ರೈಫಲ್‌ಗಳನ್ನು ಇಲ್ಲಿಗೆ ತರುವುದನ್ನೇ ನಿಷೇಧಿಸಿದರು. ದಂಗೆಕೋರರ ಕೈ ಸೇರಿದ ಹಳೆಯ ಸೈನಿಕ ಮಾರ್ಟಿನಿ–ಹೆನ್ರಿ ಬಂದೂಕಿಗೆ ಅದೇ ಗುಂಡು ಹೊಂದಿಕೊಂಡೀತು ಎಂಬ ಅಂಜಿಕೆ. ಲಂಡನ್ನಿನ ಬಂದೂಕು ಕಾರ್ಖಾನೆಯವರು ಸುಮ್ಮನೆ ಕೂರಲಿಲ್ಲ. .465, .470, .475 ಎಂದು ಕೂದಲೆಳೆಯಷ್ಟು ಬೇರೆ ಮಾಡಿ ಹೊಸ ಗುಂಡುಗಳನ್ನೇ ಹುಟ್ಟಿಸಿದರು. ಅವು ಆನೆ, ಕಾಟಿಗೆ. ಜಿಂಕೆಯ ಮಟ್ಟಿಗೂ ಆದದ್ದು ಅದೇ. ಸೈನ್ಯದ .303 ಸಾಮಾನ್ಯರಿಗೆ ಸಿಗಲಿಲ್ಲ. ಆಸ್ಟ್ರಿಯಾದ ಹಳೆಯ 8 ಮಿಲಿಮೀಟರ್ ಕಾಡತೂಸಿನಿಂದ ರೂಪಿಸಿದ .315 ಬಂತು. ಇಂದಿಗೂ ಬಂಗಾಳದ ಇಶಾಪುರ ಕಾರ್ಖಾನೆಯ .315 ರೈಫಲ್ಲೇ ನಮ್ಮ ಲೈಸೆನ್ಸುದಾರರ ಕೈಯಲ್ಲಿ ಹೆಚ್ಚು ಕಾಣುವುದು. ಅನುಕೂಲಸ್ಥರು 7 ಮಿಲಿಮೀಟರ್ ಮಾಸರ್ ಅರ್ಥಾತ್ .275 ರಿಗ್ಬಿ ಕೊಂಡರು; ಜಿಮ್ ಕಾರ್ಬೆಟ್‌ಗೆ ಚಂಪಾವತದ ಹುಲಿ ಹೊಡೆದದ್ದಕ್ಕೆ ಬಹುಮಾನವಾಗಿ ಬಂದದ್ದು ಅದೇ. ಬೆಂಗಳೂರಿನ ಕೆನೆತ್ ಆಂಡರ್ಸನ್ .405 ವಿಂಚೆಸ್ಟರ್ ಹಿಡಿದು ಓಡಾಡಿದರು. ಚಿಗರಿಯಂಥ ಹಗುರ ಪ್ರಾಣಿಗೆ ಅದು ಅತಿಯಾಯಿತು.

ಬಯಲಿನ ಜಿಂಕೆಗೆ 7 ಮಿಲಿಮೀಟರ್ ಒಪ್ಪಿದ್ದಕ್ಕೆ ಕಾರಣ ಸರಳ. ಒಂಬತ್ತು ಗ್ರಾಂ ತೂಕದ ಉದ್ದನೆಯ, ಚೂಪು ಗುಂಡು ಸೆಕೆಂಡಿಗೆ 800 ಮೀಟರಿಗೂ ಮೇಲೆ ಹೊರಡುತ್ತದೆ. ದೂರ ಹೋದರೂ ಕೆಳಕ್ಕೆ ಬಾಗುವುದು ಕಡಿಮೆ. 200 ಗಜಕ್ಕೆ ಗುರಿ ಹೊಂದಿಸಿಟ್ಟರೆ ನಡುದಾರಿಯಲ್ಲಿ ಎರಡು ಅಂಗುಲದಷ್ಟು ಮೇಲೆದ್ದು ಇಳಿಯುತ್ತದೆ, ಅಷ್ಟೆ. ಸುರಪುರದ ಸಣ್ಣ ಗುಂಡಿಗಿಂತ ತೂಕದಲ್ಲಿ ಕಡಿಮೆ, ದಪ್ಪದಲ್ಲಿ ಅರ್ಧ. ಆದರೂ ಶಕ್ತಿ ಸುಮಾರು 3,000 ಜೂಲ್. ವೇಗ ಎರಡು ಪಟ್ಟಾದರೆ ಶಕ್ತಿ ನಾಲ್ಕು ಪಟ್ಟು. ಇಂಗ್ಲೆಂಡಿನ 1991ರ ಜಿಂಕೆ ಕಾಯ್ದೆ ಹೇಳುವುದೂ ಇದನ್ನೇ: ತೀರ ಸಣ್ಣ ಜಾತಿಗಳನ್ನು ಬಿಟ್ಟರೆ ಅಳತೆ .240 ಅಂಗುಲಕ್ಕಿಂತ ಕಡಿಮೆ ಇರಬಾರದು, ಜೊತೆಗೆ ನಳಿಗೆಯ ಬಾಯಲ್ಲಿ ಸುಮಾರು 2,305 ಜೂಲ್ ಶಕ್ತಿ ಇರಲೇಬೇಕು. ಮಾಡದ ಅಚ್ಚಿನ ಚಿಗರಿ ಗುಂಡು ಅಳತೆಯಲ್ಲಿ ಆ ಪರೀಕ್ಷೆಯನ್ನು ಎರಡು ಸಲ ಪಾಸಾಗುತ್ತದೆ. ಶಕ್ತಿಯಲ್ಲಿ ಪಾಸಾಗುವುದು ಕಷ್ಟ.

ಅದೇ ಕಾಯ್ದೆ ಇನ್ನೊಂದನ್ನೂ ಬೇಡುತ್ತದೆ: ಗುಂಡು ಮೂತಿ ಮೆತ್ತಗಿದ್ದು ದೇಹದೊಳಗೆ ಅರಳಬೇಕು. ಅರಳದ ಗುಂಡು ಪ್ರಾಣಿಯನ್ನು ತೂತು ಮಾಡಿ ಆಚೆಗೆ ಹೋಗುತ್ತದೆ, ಪ್ರಾಣಿ ಗಾಯಗೊಂಡು ಓಡುತ್ತದೆ. ಅಂಥ ಅರಳುವ ಗುಂಡಿಗೆ ಲೋಕವೆಲ್ಲ ಕರೆಯುವ ಹೆಸರು ಕಲ್ಕತ್ತಾ ಬಳಿಯ ಊರಿನದು, ಡಂಡಂ. ಮನುಷ್ಯರ ಮೇಲೆ ಅದು ಕ್ರೂರವೆಂದು 1899ರ ಹೇಗ್ ಸಮ್ಮೇಳನ ಯುದ್ಧದಲ್ಲಿ ನಿಷೇಧಿಸಿತು. ಜಿಂಕೆಗೆ ಮಾತ್ರ ಅದೇ ದಯೆ.

ಇಲ್ಲಿ ಈಗ ಇದೆಲ್ಲ ಮುಗಿದ ಮಾತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಚಿಗರಿ, ಅಂದರೆ ಕೃಷ್ಣಮೃಗ, ಇದೆ. ಹೊಡೆದರೆ 3ರಿಂದ 7 ವರ್ಷ ಜೈಲು. ಬೆಳೆ ತಿಂದಿತೆಂಬ ಕಾರಣಕ್ಕೂ ಹೊಡೆಯುವಂತಿಲ್ಲ; ಮನುಷ್ಯನ ಜೀವಕ್ಕೆ ಅಪಾಯವಾದರೆ ಅಥವಾ ಗುಣವಾಗದಂತೆ ರೋಗ, ಗಾಯಗಳಿಂದ ಬಳಲುತ್ತಿದ್ದರೆ ಮಾತ್ರ ಮುಖ್ಯ ವನ್ಯಜೀವಿ ಪರಿಪಾಲಕರು ಅನುಮತಿ ಕೊಡಬಹುದು. ಕಾಯ್ದೆ ಸರಿಯಾಗಿಯೇ ಇದೆ. ಬಯಲು ನಾಡಿನಲ್ಲಿ ರೈಫಲ್ ಗುಂಡು ಮೂರು ಕಿಲೋಮೀಟರಿಗೂ ಆಚೆ ಹೋಗಿ ಬೀಳಬಲ್ಲದು. ನಾರಾಯಣಪುರ ಕಾಲುವೆಯ ನೀರು ಬಂದ ಮೇಲೆ ಇಲ್ಲಿ ಜನವಿಲ್ಲದ ಹೊಲವೇ ಇಲ್ಲ. ಹತ್ತಿ ಬಿಡಿಸುವವರು, ಮೆಣಸಿನಕಾಯಿ ಹರಿಯುವವರು, ಗದ್ದೆಯಲ್ಲಿ ನಾಟಿ ಹಚ್ಚುವವರು ವರ್ಷವಿಡೀ ಇರುತ್ತಾರೆ. ಆದರೆ ರಾತ್ರಿ ಚಿಗರಿ ಮೇಯ್ದು ಹೋದ ಹೊಲದ ರೈತನಿಗೆ ಪರಿಹಾರ ತಡವಿಲ್ಲದೆ ಸಿಗಬೇಕು. ಚಿಗರಿ ಉಳಿಸುವ ಖರ್ಚನ್ನು ಅವನೊಬ್ಬನ ಮೇಲೆ ಹೊರಿಸುವುದು ನ್ಯಾಯವಲ್ಲ.

‘ನಮ್ಮ ತೊಗರಿ ಕುಡಿನೂ ತಿಂತಾವ್ರಿ’ ಎಂದರು ಹಿರಿಯರು. ‘ಹೋಗ್ಲಿ ಬಿಡ್ರಿ. ನಸುಕಿನ್ಯಾಗ ಹಿಂಡ ಹಾರಿ ಓಡೂದು ನೋಡಿದ್ರ ಸಿಟ್ಟ ಬರಂಗಿಲ್ಲ.’

ದವಡೆ ಒರೆಸಿ, ಎಣ್ಣೆ ಹಚ್ಚಿ, ಅಚ್ಚನ್ನು ಹಳೆಯ ಧೋತರದ ಚೂರಿನಲ್ಲಿ ಸುತ್ತಿ ಮತ್ತೆ ಮಾಡದಲ್ಲಿಟ್ಟರು. ಕಟ್ಟೆಯ ಮೇಲೆ ಎರಡು ಹಿಟ್ಟಿನ ಗುಂಡು ಬಿಸಿಲಿಗೆ ಬಿರುಕು ಬಿಡತೊಡಗಿದ್ದವು. ಮೊಮ್ಮಗಳು ಎತ್ತಿ ಅಂಗಳಕ್ಕೆ ಎಸೆದಳು. ಕೋಳಿಗಳು ಮೊದಲು ಸಣ್ಣದಕ್ಕೇ ಓಡಿದವು.